ಕಾಗದದ ಗೆಳೆಯ ರಜೆಗೆ ಬರುತ್ತಿದ್ದಾನೆ

ಪ್ರಶ್ನೆ: ನನಗೆ 26 ವರ್ಷ. ಆಳಂದ ಹತ್ತಿರದ ಹಳ್ಳಿಯಲ್ಲಿ ಟೀಚರ್. ಎರಡು ವರ್ಷದ ಹಿಂದೆ ಮಕ್ಕಳಿಂದ ಸೈನಿಕರಿಗೆ ಪತ್ರ ಬರೆಸಿದ್ದೆ. ಭಾಲ್ಕಿ ಕಡೆಯ ಒಬ್ಬರು ಉತ್ತರ ಬರೆದರು. ಅಂದಿನಿಂದ ಇಬ್ಬರೂ ಬರೆಯುತ್ತಲೇ ಇದ್ದೇವೆ. ಫೋನಿನಲ್ಲಿ ಮಾತಾಡಿದ್ದು ಒಂದೆರಡು ಸಲ. ಪ್ರೀತಿ ಅಂತ ಯಾರೂ ಬಾಯಿಬಿಟ್ಟಿಲ್ಲ. ಮುಂದಿನ ತಿಂಗಳು ರಜೆಗೆ ಬರ್ತೀನಿ, ಸಿಗ್ತೀರಾ ಅಂತ ಕೇಳಿದ್ದಾರೆ. ಅದಕ್ಕೆ ಬರೆದ ಪತ್ರಕ್ಕೆ ಐದು ವಾರವಾದರೂ ಉತ್ತರವಿಲ್ಲ. ಈ ತಿಂಗಳ ಕೊನೆಗೆ ಮನೆಗೆ ಕನ್ಯಾ ನೋಡಲು ಬರುತ್ತಿದ್ದಾರೆ. ನಾನೇ ಏನೇನೋ ಕಲ್ಪಿಸಿಕೊಂಡೆನಾ?

ಉತ್ತರ: ಇಲ್ಲ ತಂಗಿ, ಕಲ್ಪನೆ ಅಲ್ಲ. ನೀನು ಕಳಿಸಿದ ಅವರ ಪತ್ರದ ಪ್ರತಿ ಓದಿದೆ. ಇನ್‌ಲ್ಯಾಂಡ್‌ನ ಜಾಗ ಮುಗಿದ ಮೇಲೂ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಕೇಳಿದ್ದಾರೆ: ‘ಅವ್ವನ ಮೊಣಕಾಲು ಹೇಗಿದೆ? ತೊಗರಿ ರಾಶಿ ಆಯ್ತಾ?’ ಹೊಗಳಿಕೆ ಯಾರು ಬೇಕಾದರೂ ಬರೆಯುತ್ತಾರೆ. ಅವ್ವನ ಮೊಣಕಾಲು ನೆನಪಿಟ್ಟುಕೊಳ್ಳುವವರು ಕಡಿಮೆ.

ಐದು ವಾರದ ಮೌನಕ್ಕೆ ಹೆದರಬೇಡ. ವಿಳಾಸದಲ್ಲಿ ಊರಿನ ಹೆಸರಿಲ್ಲ, ‘56 ಎಪಿಒ’ ಅಂತಷ್ಟೇ ಇದೆ, ಅಲ್ವಾ? ಅದು ಸೇನೆಯ ಅಂಚೆ. ಎತ್ತರದ ಠಾಣೆಯಾದರೆ, ಹಿಮ ಬಿದ್ದು ದಾರಿ ಮುಚ್ಚಿದಾಗ ಅಂಚೆ ಚೀಲ ವಾರಗಟ್ಟಲೆ ನಿಂತುಬಿಡುತ್ತದೆ.

ಆದರೆ ಒಂದು ಮಾತು ಗಟ್ಟಿಯಾಗಿಯೇ ಹೇಳುತ್ತೇನೆ. ಪತ್ರದಲ್ಲಿ ನೀವಿಬ್ಬರೂ ಜಗಳವಾಡಿಲ್ಲ. ಮನಸ್ಸು ಹದವಾಗಿದ್ದಾಗ ಮಾತ್ರ ಪೆನ್ನು ಹಿಡಿದಿದ್ದೀರಿ. ಸಿಟ್ಟು ಬಂದಾಗ ಅವರು ಹೇಗಿರುತ್ತಾರೆ, ದುಡ್ಡಿನ ವಿಷಯದಲ್ಲಿ ಹೇಗೆ, ನೀನು ಕೆಲಸ ಬಿಡಬೇಕು ಅಂತ ಅವರ ಮನೆಯವರು ಅಂದರೆ ಯಾರ ಪರ ನಿಲ್ಲುತ್ತಾರೆ, ಇದ್ಯಾವುದೂ ನಿನಗೆ ಗೊತ್ತಿಲ್ಲ. ಜವಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಗಡಿ ಕಡೆಯ ಫೀಲ್ಡ್ ಪೋಸ್ಟಿಂಗ್‌ನಲ್ಲಿ ಹೆಂಡತಿ ಮಕ್ಕಳನ್ನು ಜೊತೆಗಿಟ್ಟುಕೊಳ್ಳಲು ಆಗುವುದಿಲ್ಲ. ಅಂದರೆ ಮದುವೆಯಾದ ಮೇಲೂ ಎಷ್ಟೋ ತಿಂಗಳು ನೀನು ಭಾಲ್ಕಿಯಲ್ಲಿ ಅತ್ತೆ ಮಾವನ ಜೊತೆ, ಅವರು ಅಲ್ಲೆಲ್ಲೋ. ಇದು ನನ್ನ ಕೈಲಾಗುತ್ತಾ ಅಂತ ಮೊದಲು ನಿನ್ನನ್ನೇ ಕೇಳಿಕೋ.

ಅವರನ್ನು ಖಂಡಿತ ಭೇಟಿಯಾಗು. ಕಲಬುರಗಿಯ ಅಪ್ಪನ ಕೆರೆ ದಂಡೆ ಸಾಕು, ಜನ ಓಡಾಡುವ ಜಾಗ. ಮೊದಲ ಸಲ ಗೆಳತಿಯೂ ಜೊತೆಗಿರಲಿ. ಒಂದೇ ಭೇಟಿಗೆ ಮುಗಿಸಬೇಡ, ರಜೆಯಲ್ಲಿ ನಾಲ್ಕಾರು ಸಲ ಸಿಗಿ. ರೈಲು ಹತ್ತುವ ದಿನ ಹತ್ತಿರ ಬಂತು ಅಂತ ಅವಸರಕ್ಕೆ ಮಾತು ಕೊಡಬೇಡ. ಜಾತಿ ವಿಷಯ ನೀನು ಬರೆದಿಲ್ಲ. ಎರಡೂ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಅದೇ. ಅದನ್ನೂ ಮುಚ್ಚುಮರೆ ಇಲ್ಲದೆ ಮಾತಾಡಿ.

ಇನ್ನು ಈ ತಿಂಗಳ ಮಾತು. ಮನಸ್ಸು ಒಂದು ಕಡೆ ಇಟ್ಟುಕೊಂಡು ಇನ್ನೊಬ್ಬರ ಮುಂದೆ ಸುಮ್ನೆ ಹೋಗಿ ಕೂರುವುದು ಆ ಹುಡುಗನಿಗೂ ಅನ್ಯಾಯ. ಅವ್ವನ ಹತ್ತಿರ ಕೂತು ಎಲ್ಲ ಹೇಳು. ಬರುವವರನ್ನು ಒಂದೆರಡು ತಿಂಗಳು ಮುಂದೆ ಹಾಕಲು ಕೇಳು. ಅಪ್ಪನಿಗೆ ಹೇಗೆ ತಿಳಿಸಬೇಕೆಂದು ಅವ್ವನಿಗೆ ನಿನಗಿಂತ ಚೆನ್ನಾಗಿ ಗೊತ್ತು. ಸಂಬಂಧ ಬಂದಿರುವ ವಿಷಯ ನಿನ್ನ ಕಾಗದದ ಗೆಳೆಯನಿಗೂ ತಿಳಿಯಲಿ. ಇದಕ್ಕೆ ಮಾತ್ರ ಪತ್ರ ಬೇಡ, ತಡವಾಗುತ್ತದೆ. ಫೋನ್ ಮಾಡು. ಸಿಗ್ನಲ್ ಸಿಗದಿದ್ದರೆ ಮರುದಿನ ಮತ್ತೆ ಮಾಡು.