ಜಿಂಕೆ ಬೇಟೆಗೆ ಕರೆದಿದ್ದಾರೆ, ಹೋಗಬಹುದೇ?

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಎಚ್‌-1ಬಿ ವೀಸಾದ ಮೇಲೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ನವೆಂಬರಿನ ಜಿಂಕೆ ಬೇಟೆಗೆ ಸಹೋದ್ಯೋಗಿಯೊಬ್ಬರು ಕರೆಯುತ್ತಿದ್ದಾರೆ. ಇಲ್ಲಿ ವನ್ಯಜೀವಿಗಳು ಉಳಿದಿರುವುದೇ ಬೇಟೆಗಾರರಿಂದ ಎನ್ನುತ್ತಾರೆ. ನಮ್ಮೂರಲ್ಲಿ ಈಡು ಹೊಡೆದರೆ ಜೈಲು. ಅವರ ಮಾತು ನಿಜವೇ? ಶುರು ಮಾಡುವುದಾದರೆ ಹೇಗೆ?

ಉತ್ತರ: ಮೊದಲು ವೀಸಾ ವಿಷಯ. ನಿಮ್ಮಂಥ ವೀಸಾದವರು ಕೋವಿ ಇಟ್ಟುಕೊಳ್ಳುವುದು ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಅಮೆರಿಕದಲ್ಲೇ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಕೈಗೆ ಬರುವ ಮುಂಚೆ ಗೆಳೆಯರ ಬಂದೂಕನ್ನು ಸುಮ್ಮನೆ ಹಿಡಿದು ನೋಡಲೂ ಹೋಗಬೇಡಿ. ವಲಸೆ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ.

ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಬಹುಪಾಲು ನಿಜ. ಅಮೆರಿಕದಲ್ಲಿ ಪ್ರಾಣಿಗಳನ್ನು ಮುಗಿಸಿದ್ದೂ ಬೇಟೆಯೇ. ಸಂತೆಗೆ ಮಾರಲೆಂದು ಹೊಡೆದೂ ಹೊಡೆದೂ, ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳ ಅಳಿಯಿತು. ಕೊನೆಯದು 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಆಮೇಲೆ ಕಾನೂನು ಬಿಗಿಯಾಯಿತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆ ಬಂದೂಕು, ತೋಟಾಗಳ ಮೇಲಿನ 11 ಶೇಕಡಾ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಆ ದುಡ್ಡು ಬೇಕಾದರೆ ಬೇಟೆ ಲೈಸೆನ್ಸಿನ ಶುಲ್ಕವನ್ನು ರಾಜ್ಯ ಬೇರೆ ಬಾಬತ್ತಿಗೆ ಮುಟ್ಟುವಂತಿಲ್ಲ. ನನ್ನ ಮಟ್ಟಿಗೆ ಈ ಷರತ್ತೇ ಇಡೀ ವ್ಯವಸ್ಥೆಯ ಜೀವ. ಬೇಟೆಗಾರರಿಗೆ ವಯಸ್ಸಾಗುತ್ತಿದೆ, ಈ ಹಣದ ಮೂಲ ಬತ್ತಬಾರದೆಂದೇ ಹೊಸಬರನ್ನು ಕರೆಯುತ್ತಿದ್ದಾರೆ.

ಆದರೆ ಎಲ್ಲ ಬೇಟೆಯೂ ಸಂರಕ್ಷಣೆಯಲ್ಲ. 2021ರ ಫೆಬ್ರುವರಿಯಲ್ಲಿ ನಿಮ್ಮ ರಾಜ್ಯದಲ್ಲೇ 119 ತೋಳಗಳ ಮಿತಿ ಇಟ್ಟು ಬೇಟೆಗೆ ಅನುಮತಿ ಕೊಟ್ಟರು. ಮೂರು ದಿನ ತುಂಬುವುದರೊಳಗೆ 218 ತೋಳ ಬಿದ್ದವು. ಅದನ್ನು ನಾನು ಸಂರಕ್ಷಣೆ ಎಂದು ಒಪ್ಪುವುದಿಲ್ಲ. ಜಿಂಕೆಯ ಮಾತು ಬೇರೆ, ಅವು ಅಲ್ಲಿ ವಿಪರೀತ ಇವೆ. ಎಳೆಯ ಸಸಿ ಮೇಲೇಳಲು ಬಿಡುವುದಿಲ್ಲ.

ಮೊದಲ ವರ್ಷ ಬರಿಗೈಯಲ್ಲಿ ಹೋಗಿ, ಅನುಭವಿಯ ಪಕ್ಕ ಕುಳಿತು ನೋಡಿ. ಹೊಳೆಯುವ ಕಿತ್ತಳೆ ಜಾಕೆಟ್, ಟೋಪಿ ತಪ್ಪಿಸಬೇಡಿ. ಮರದ ಮೇಲಿನ ಅಟ್ಟಣಿಗೆ ಹತ್ತುವುದಾದರೆ ಇಡೀ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ (ಹಾರ್ನೆಸ್) ಕಟ್ಟಿಕೊಳ್ಳಲೇಬೇಕು, ಅಲ್ಲಿಂದ ಬಿದ್ದು ಸಾಯುವವರಿದ್ದಾರೆ. ಜಿಂಕೆ ಅಡ್ಡಲಾಗಿ ನಿಲ್ಲುವವರೆಗೆ, ಗುಂಡು ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೇ ಬೀಳುವಂತಾಗುವವರೆಗೆ ಒಳ್ಳೆಯ ಬೇಟೆಗಾರ ಕಾಯುತ್ತಾನೆ. ಜಿಂಕೆಯ ಹಿಂದೆ ಏನಿದೆ ಎಂದು ಕಾಣದಿದ್ದರೆ ಬಂದೂಕಿನ ಕುದುರೆಗೆ (ಟ್ರಿಗರ್) ಬೆರಳನ್ನೇ ಇಡುವುದಿಲ್ಲ. ಬಿದ್ದ ಪ್ರಾಣಿಯ ಹೊಟ್ಟೆ ಬಗೆದು ಕರುಳು ತೆಗೆಯುವುದನ್ನೂ ನೋಡಿ. ಅದು ನಿಮ್ಮಿಂದ ಆಗುತ್ತದೋ ಇಲ್ಲವೋ ಅಲ್ಲೇ ತಿಳಿಯುತ್ತದೆ.

ಮನಸ್ಸು ಗಟ್ಟಿಯಾದರೆ ಮರುವರ್ಷ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿ. 1973ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ವಿಸ್ಕಾನ್ಸಿನ್‌ನಲ್ಲಿ ಲೈಸೆನ್ಸ್ ಪಡೆಯಲು ಅದು ಕಡ್ಡಾಯ. ಗುರುವಿನ ಕೈಯಳತೆಯಲ್ಲೇ ಇದ್ದು ಬೇಟೆಯಾಡುವವರಿಗೆ ಇದರಿಂದ ವಿನಾಯಿತಿ ಇದೆ. ಸೀಸದ ಗುಂಡು ಬಿಟ್ಟು ತಾಮ್ರದ್ದು ಕೊಳ್ಳಿ. ಕಾಡಲ್ಲಿ ಬಿಟ್ಟ ಕರುಳಿನಲ್ಲಿ ಸೀಸದ ಚೂರು ಉಳಿದು, ಅದನ್ನು ತಿಂದ ಬೋಳುತಲೆ ಹದ್ದುಗಳು ವಿಷವೇರಿ ಸಾಯುತ್ತವೆ. ಜಿಂಕೆಗಳ ಮಿದುಳು ಕೊರೆಯುವ ಸಿಡಬ್ಲ್ಯುಡಿ ರೋಗ 2002ರಿಂದ ಅಲ್ಲಿದೆ. ಪರೀಕ್ಷೆಯ ಫಲಿತಾಂಶ ಬರುವ ಮುಂಚೆ ಮಾಂಸ ಬೇಯಿಸಬೇಡಿ.

ಬೇಟೆಯಿಂದಲೇ ವನ್ಯಜೀವಿ ಉಳಿಯುತ್ತದೆ ಎಂಬ ವಾದವನ್ನು ಊರಿಗೆ ಹೊತ್ತು ತರಬೇಡಿ. 1972ರ ವನ್ಯಜೀವಿ ಕಾಯ್ದೆ ಇಲ್ಲಿ ಬೇಟೆಯನ್ನು ನಿಷೇಧಿಸಿದೆ. ಮೈಸೂರು ಮಹಾರಾಜರ ಶಿಕಾರಿ ನೆಲವಾಗಿದ್ದ ಬಂಡೀಪುರದಲ್ಲಿ ಇಂದು ಹುಲಿ ಉಳಿದಿರುವುದು ಆ ಕಾವಲಿನಿಂದ. ಅಲ್ಲಿನ ಜಿಂಕೆಯೇ ಹುಲಿಯ ಊಟ.

ಕೊಲ್ಲಲು ಮನಸ್ಸು ಬಾರದಿದ್ದರೆ ಡಕ್ ಸ್ಟ್ಯಾಂಪ್ ಎಂಬ ಅಮೆರಿಕ ಸರ್ಕಾರದ ಚೀಟಿ ಕೊಳ್ಳಿ. 1934ರಲ್ಲಿ ಬಾತುಕೋಳಿ ಬೇಟೆಗಾರರಿಗೆಂದು ಬಂದದ್ದು, 25 ಡಾಲರ್, ಯಾರು ಬೇಕಾದರೂ ಕೊಳ್ಳಬಹುದು. ಪ್ರತಿ ಡಾಲರಿನಲ್ಲಿ 98 ಸೆಂಟ್ ನೇರ ಹಕ್ಕಿಗಳ ಜೌಗು ನೆಲ ಕಾಪಾಡಲು ಹೋಗುತ್ತದೆ.