ಕೇಳ್ರಿ, ಹೇಳ್ತೀನಿ: ಪಬ್ಲಿಷ್ ಆದ ಎಂಟ್ರಿ ತಿದ್ದೋದು ಹೆಂಗ?

ಪ್ರಶ್ನೆ: ಸರ್ ನಮಸ್ಕಾರ್ರಿ. ನಾವು ಗಂಗಾವತಿ ಕಡೆ ಒಂದಿಷ್ಟು ಮಂದಿ ಸೇರಿ ಕೊಪ್ಪಳ, ರಾಯಚೂರು ಭಾಗದ ಶಾಸನ, ಗುಡಿ, ಕೋಟೆದು ಫೋಟೋ ಮಾಹಿತಿ ಎಲ್ಲಾ ಹಾಕಿ ಡಿಜಿಟಲ್ ಕ್ಯಾಟಲಾಗ್ ಮಾಡಾಕತ್ತೀವಿ. ಯಾರಾದ್ರೂ ತಪ್ಪು ತೋರಿಸಿದ್ರ ಅದೇ ಎಂಟ್ರಿ ತೆಗದು ತಿದ್ದಿ ಸೇವ್ ಮಾಡ್ತೀವಿ. ಮೊನ್ನೆ ಎಂ.ಎ. ಓದೋ ಹುಡುಗಿ ಒಬ್ಬಾಕಿ ತನ್ನ ಪ್ರಾಜೆಕ್ಟ್‌ನಾಗ ನಮ್ಮ ಎಂಟ್ರಿ ಹೆಸರು ಹಾಕ್ಯಾಳ, ಆಕಿ ಗೈಡ್ ತೆಗದು ನೋಡಿದ್ರ ಅಲ್ಲಿ ಬ್ಯಾರೇನೇ ಐತಿ. ಹಂಗಾದ್ರ ತಪ್ಪು ತಿದ್ದಬಾರದೇನ್ರಿ?
- ಓದುಗರು, ಗಂಗಾವತಿ

ಉತ್ತರ: ತಿದ್ದಲೇಬೇಕ್ರಿ. ಆದ್ರ ಪಬ್ಲಿಷ್ ಆಗಿದ್ದನ್ನ ಅಳಿಸಿ ಅದರ ಮ್ಯಾಲೇ ಬರಿಯೋದು ಬ್ಯಾಡ. ಡ್ರಾಫ್ಟ್ ಇರೋತನಕ ನಿಮ್ಮ ಮನಿಯೊಳಗಿನ ವಿಷಯ, ಎಷ್ಟು ಸಲ ಬೇಕಾದ್ರೂ ಅಳಿಸ್ರಿ. ಪಬ್ಲಿಷ್ ಅಂತ ಒತ್ತಿದ ಮ್ಯಾಲೆ ಅದನ್ನ ನಂಬಿ ಯಾರೋ ಏನೋ ಬರದಿರ್ತಾರ, ಆ ಹುಡುಗಿ ಹಂಗ. ಆವಾಗ ತಿದ್ದಿದ್ದನ್ನ ಹೊಸ ವರ್ಷನ್ ಆಗಿ ಹಾಕಬೇಕು, ಹಳೇದು ಓದಾಕ ಸಿಗಬೇಕು, ಮತ್ತ ಹಳೇದರ ನೆತ್ತಿ ಮ್ಯಾಲೆ "ಇದಕ್ಕ ಹೊಸ ವರ್ಷನ್ ಬಂದೈತಿ, ಇಲ್ಲಿ ನೋಡ್ರಿ" ಅಂತ ಲಿಂಕ್ ಇರಬೇಕು. ಪಹಣಿಯೊಳಗ ಹೆಸರು ಬದಲಾದ್ರ ಯಾವ ಮ್ಯುಟೇಶನ್ ಪ್ರಕಾರ ಆತು ಅಂತ ದಾಖಲೆ ಇರ್ತೈತಲ್ಲ, ಹಂಗ ಇಲ್ಲೂ ಯಾರು, ಯಾವತ್ತು, ಯಾಕ ಬದಲಿ ಮಾಡಿದ್ರು ಅಂತ ಒಂದು ಸಾಲು ಬೇಕೇ ಬೇಕು.

ನಿಮ್ಮ ಕಡೆದೇ ಉದಾಹರಣೆ ತಗೋರಿ. 1837ರ ಹೊತ್ತಿಗೆ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಹಳೇ ಬ್ರಾಹ್ಮಿ ಲಿಪಿ ಓದಿದಾಗ ಶಾಸನದಾಗಿನ "ದೇವಾನಾಂಪ್ರಿಯ ಪ್ರಿಯದರ್ಶಿ" ಅಂದ್ರ ಸಿಂಹಳದ ರಾಜ ಇರಬೇಕು ಅಂತ ಮೊದಲು ತಿಳಕೊಂಡಿದ್ರು, ಆಮೇಲೆ ಸಿಂಹಳದ ಪಾಲಿ ಗ್ರಂಥ ಓದಿದ್ದ ಟರ್ನರ್ ಅದು ಅಶೋಕನೇ ಅಂತ ತೋರಿಸಿದ್ರು. 1915ರಾಗ ಚಿನ್ನದ ಗಣಿ ಎಂಜಿನಿಯರ್ ಬೀಡನ್ ರಾಯಚೂರು ಜಿಲ್ಲಾದ ಮಸ್ಕಿಯೊಳಗ ಕಂಡುಹಿಡಿದ ಬಂಡೆ ಶಾಸನದಾಗ "ಅಶೋಕ" ಅನ್ನೋ ಹೆಸರೇ ಸಿಕ್ಕಿತು. ಅವಾಗ "ಅಶೋಕನ ಹೆಸರು ಇರೋ ಶಾಸನ ಮಸ್ಕಿದೊಂದೇ" ಅಂತ ಬರದವರು ಸುಳ್ಳು ಬರದಿಲ್ಲ, ಆ ಕಾಲಕ್ಕ ಅದು ಖರೇನೇ. ಮುಂದ ಮಧ್ಯಪ್ರದೇಶದ ಗುಜರ್ರಾ, ನಮ್ಮ ಬಳ್ಳಾರಿ ಜಿಲ್ಲೆ ನಿಟ್ಟೂರು, ಉಡೇಗೋಳದಾಗೂ ಆ ಹೆಸರು ಸಿಕ್ಕ ಮ್ಯಾಲೆ ಆ ಸಾಲು ತಪ್ಪಾತು. ಈಗ್ಲೂ ಎಷ್ಟೋ ಕಡೆ "ಮಸ್ಕಿ ಒಂದೇ" ಅಂತ ಓದ್ತೀವಿ, ಯಾಕಂದ್ರ ಹಳೇ ಮಾಹಿತಿ ಮ್ಯಾಲೆ ತಾರೀಖೂ ಇಲ್ಲ, ಹೊಸದು ಎಲ್ಲೈತಿ ಅನ್ನೋ ಗುರುತೂ ಇಲ್ಲ. ನಿಮ್ಮ ಮಸ್ಕಿ ಎಂಟ್ರಿಯೊಳಗ ಇದೇ ಆಗಿದ್ರ ವರ್ಷನ್ 1.0 ಹಂಗ ಇರ್ಲಿ, 2.0 ಹಾಕಿ "ಬ್ಯಾರೆ ಮೂರು ಕಡೆ ಹೆಸರು ಸಿಕ್ಕೈತಿ, ಅದಕ್ಕ ತಿದ್ದೀವಿ" ಅಂತ ಬರೀರಿ.

ಊರು ಜಿಲ್ಲಾದ ವಿಷಯದಾಗಂತೂ ಇದು ಭಾಳ ಬರ್ತೈತಿ ನಮಗ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನ ಹಳೇ ಪುಸ್ತಕದಾಗ ರಾಯಚೂರು ಜಿಲ್ಲಾ ಅಂತ ಇರ್ತಾವ, ಕೊಪ್ಪಳ ಬ್ಯಾರೆ ಜಿಲ್ಲಾ ಆಗಿದ್ದು 1997ಕ್ಕ. ಹಂಪಿ 2021ರ ತನಕ ಬಳ್ಳಾರಿ ಜಿಲ್ಲಾ, ಈಗ ವಿಜಯನಗರ. ಇಂಥದ್ದನ್ನ ಸುಮ್ನ ಬದಲಿ ಮಾಡಿಬಿಟ್ರ "ರಾಯಚೂರು" ಅಂತ ಹುಡುಕಿದವರಿಗೆ ಪಾಲ್ಕಿಗುಂಡು ಸಿಗೋದೇ ಇಲ್ಲ, ಅದಕ್ಕ ಈಗಿನ ಜಿಲ್ಲಾ ಒಂದು ಕಾಲಂ, ಮೊದಲಿನ ಜಿಲ್ಲಾ ಇನ್ನೊಂದು ಕಾಲಂ ಇಡ್ರಿ.

ನಂಬರ್ ಹೆಂಗ ಕೊಡೋದು ಅಂದ್ರ, ಅಕ್ಷರ ತಪ್ಪು, ಫೋಟೋ ಬದಲಿ ಇಂಥ ಸಣ್ಣದಕ್ಕ 1.1, ಕಾಲ, ಓದು, ಜಾಗ, ಅರ್ಥ ಬದಲಾದ್ರ 2.0. ಲಿಂಕ್ ಮಾತ್ರ ಎರಡು ಬೇಕು, ಒಂದು ಯಾವತ್ತೂ ಹೊಸ ವರ್ಷನ್‌ಗೆ ಹೋಗೋದು, ಇನ್ನೊಂದು ಆ ವರ್ಷನ್‌ಗೇ ಅಂಟಿಕೊಂಡಿರೋದು. ಜೆನೋಡೋ ಅನ್ನೋ ಸಂಶೋಧನಾ ಭಂಡಾರದಾಗ ಪ್ರತಿ ವರ್ಷನ್‌ಗೂ ಬ್ಯಾರೆ ಡಿಒಐ (ಡಿಜಿಟಲ್ ದಾಖಲೆಗೆ ಕೊಡೋ ಶಾಶ್ವತ ಗುರುತಿನ ನಂಬರ್) ಕೊಡ್ತಾರ, ಎಲ್ಲಾ ವರ್ಷನ್‌ಗೂ ಸೇರಿ ಇನ್ನೊಂದು ಡಿಒಐ ಇರ್ತೈತಿ. ವಿಕಿಪೀಡಿಯಾದಾಗೂ ಲೇಖನದ ಲಿಂಕ್ ಬ್ಯಾರೆ, ಶಾಶ್ವತ ಲಿಂಕ್ ಬ್ಯಾರೆ. ಪ್ರಾಜೆಕ್ಟ್ ಬರೆಯೋರಿಗೆ ಆ ವರ್ಷನ್‌ಗೇ ಅಂಟಿಕೊಂಡಿರೋ ಲಿಂಕನ್ನೇ ಕೊಡ್ರಿ, ಎಂಟ್ರಿ ಕೆಳಗ "ಹಿಂಗ ಉಲ್ಲೇಖ ಮಾಡ್ರಿ" ಅಂತ ಬರದಿಟ್ರ ಅವರೇ ಕಾಪಿ ಮಾಡ್ಕೋತಾರ.

ಒಂದು ಕಡೆ ಮಾತ್ರ ಹಳೇದನ್ನೂ ಮುಚ್ಚಬೇಕಾಗ್ತೈತಿ. ನಿಧಿ ಆಸೆಗೆ ಗುಡ್ಡದಾಗಿನ ಗುಡಿ, ವೀರಗಲ್ಲು ಅಗದು ಹಾಳು ಮಾಡೋ ಮಂದಿ ಅದಾರ, ಕಾವಲು ಇಲ್ಲದ ಜಾಗದ ಜಿಪಿಎಸ್ ಲೊಕೇಶನ್ ಹಾಕಿದ್ರ ಅವರಿಗೆ ದಾರಿ ತೋರಿಸಿದಂಗ. ಅಂಥದ್ದಿದ್ರ ಎಲ್ಲಾ ವರ್ಷನ್‌ನಾಗಿಂದೂ ಲೊಕೇಶನ್ ತೆಗೀರಿ, ಫೋಟೋ ಫೈಲ್ ಒಳಗೂ ಲೊಕೇಶನ್ ಅಡಗಿರ್ತೈತಿ, ಅದನ್ನ ಮರೀಬ್ಯಾಡ್ರಿ. ಎಂಟ್ರಿ ಪೂರಾ ವಾಪಸ್ ತಗೊಂಡ್ರೂ ಪೇಜ್ ಖಾಲಿ ಬಿಡಬ್ಯಾಡ್ರಿ, ಹೆಸರು, ವಾಪಸ್ ತಗೊಂಡ ತಾರೀಖು, ಕಾರಣ ಇಷ್ಟು ಇದ್ರ ಓದುಗರು ಸೈಟ್ ಕೆಟ್ಟೈತಿ ಅಂತ ತಿಳಕೊಳ್ಳೋದಿಲ್ಲ.

ಪ್ರಶ್ನೆ: ಪಬ್ಲಿಷ್ ಬಟನ್ ಎಲ್ಲಾ ವಾಲಂಟಿಯರ್ಸ್ ಕೈಯಾಗ ಕೊಡಬಹುದಾ?
- ಓದುಗರು, ಸಿಂಧನೂರು

ಉತ್ತರ: ಬ್ಯಾಡ್ರಿ. ಬರೆದವರು ಬ್ಯಾರೆ, ಪಬ್ಲಿಷ್ ಮಾಡೋರು ಬ್ಯಾರೆ ಇರ್ಲಿ. ಇಬ್ಬರೇ ಇದ್ರೂ ಒಬ್ಬರದು ಇನ್ನೊಬ್ರು ನೋಡಿ ಒತ್ರಿ.

ಪ್ರಶ್ನೆ: ನಮ್ಮ ಹಳೇ ಬರಹ ಎಲ್ಲಾ ನುಡಿ ಫಾಂಟ್‌ನಾಗ ಅದಾವ. ಯೂನಿಕೋಡ್‌ಗೆ ಬದಲಿಸಿದ್ರ ಅದು ಹೊಸ ವರ್ಷನ್ನಾ? ಹಳೇ ಫೈಲ್ ಒಗೀಬಹುದಾ?
- ಓದುಗರು, ಬಳ್ಳಾರಿ

ಉತ್ತರ: ಹೊಸ ವರ್ಷನ್ನೇ, ಒಗೀಬ್ಯಾಡ್ರಿ. ಹಳೇ ನುಡಿ ಫೈಲ್ ಫಾಂಟ್ ಇಲ್ಲದ ಮೊಬೈಲ್‌ನಾಗ ಇಂಗ್ಲಿಷ್ ಅಕ್ಷರ ಚೆಲ್ಲಿದಂಗ ಕಾಣ್ತೈತಿ, ಸರ್ಚ್‌ಗೂ ಸಿಗೋದಿಲ್ಲ, ಅದಕ್ಕ ಯೂನಿಕೋಡ್ ಬೇಕೇ ಬೇಕು. ಆದ್ರ ಕನ್ವರ್ಟ್ ಮಾಡುವಾಗ ಅರ್ಕಾವೊತ್ತು, ಒತ್ತಕ್ಷರ ಎಡವಟ್ಟಾಗಬಹುದು, "ಧರ್ಮ", "ಕೀರ್ತಿ", "ಸೂರ್ಯ" ಇಂಥ ಪದ ಸರಿ ಬಂದಾವೇನು ಅಂತ ಒಬ್ರು ಕುಂತು ಓದಬೇಕು, ಶಾಸನದ ಪಾಠ ಇದ್ರ ಇಬ್ರು ಓದ್ರಿ. ಓದಿ ಮುಗಿಯೋತನಕ ಅದು ಡ್ರಾಫ್ಟೇ. ಮೂಲ ಫೈಲು, ಅದರ ಫಾಂಟು, ಒಂದು ಪಿಡಿಎಫ್ ಮೂರೂ ಒಂದೇ ಫೋಲ್ಡರ್‌ನಾಗ ಹಾಕಿ ಇನ್ನೊಂದು ಹಾರ್ಡ್ ಡಿಸ್ಕ್‌ಗೂ ಕಾಪಿ ಮಾಡಿಡ್ರಿ, ನಾಳೆ ಯಾವುದಾದ್ರೂ ಪದದ ಮ್ಯಾಲೆ ಅನುಮಾನ ಬಂದ್ರ ತೆಗದು ನೋಡಾಕ ಅದೇ ಬೇಕಾಗ್ತೈತಿ.