ಹಳೆ ಎಂಎಕ್ಸ್-5ಗೆ ಯಾವ ಶಾಕ್ ಅಬ್ಸಾರ್ಬರ್?

ಸರ್, ನಿಮ್ಮ 1994ರ ಮಾಜ್ದಾ ಎಂಎಕ್ಸ್-5ಗೆ ಬಿಲ್‌ಸ್ಟೈನ್ ಕಂಪನಿಯ ಬಿ6 ಶಾಕ್ ಹಾಕಿಸಲಾ, ಬಿ8 ಹಾಕಿಸಲಾ ಅಂತ ಕೇಳಿದ್ದೀರಿ. ಸ್ಪ್ರಿಂಗ್ ಕಾರಿನ ಜೊತೆ ಬಂದ ಮಾಜ್ದಾ ಕಂಪನಿಯದೇ ಇದ್ದರೆ ಕಣ್ಣು ಮುಚ್ಚಿ ಬಿ6 ತಗೊಳ್ಳಿ. ಬಿ8 ಇರುವುದು ಗಾಡಿ ತಗ್ಗಿಸುವ ಗಿಡ್ಡ ಸ್ಪ್ರಿಂಗ್‌ಗೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರು ಗಾಡಿ ತಗ್ಗಿಸಿದರೆ ಹೊಟ್ಟೆ ಉಜ್ಜುವುದು ಗ್ಯಾರಂಟಿ! ಕೋನಿ ಕಂಪನಿಯ ಹಳದಿ ಶಾಕ್ ಕೂಡ ಒಳ್ಳೆಯದೇ. ಅದರಲ್ಲಿ ರೀಬೌಂಡ್ ಮಾತ್ರ ಹೊಂದಿಸಬಹುದು, ಅಂದರೆ ಕುಗ್ಗಿದ ಸ್ಪ್ರಿಂಗ್ ಮೇಲೇಳುವ ವೇಗ. ನಮ್ಮ ರಸ್ತೆಗೆ ಮೆತ್ತಗೇ ಇಡಿ.

ಶಾಕ್ ಬಿಚ್ಚಿದಾಗ ಬಂಪ್ ಸ್ಟಾಪ್, ಅಂದರೆ ಶಾಕ್ ಪೂರ್ತಿ ಕುಗ್ಗಿದಾಗ ಪೆಟ್ಟು ತಡೆಯುವ ಮೆತ್ತನೆ ತುಂಡು, ತಪ್ಪದೆ ನೋಡಿ. ಈ ಕಾರಿನ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಓಡಾಟ ಮೊದಲೇ ಕಡಿಮೆ. ಪುಡಿಯಾದ ಬಂಪ್ ಸ್ಟಾಪ್ ಹಾಗೇ ಬಿಟ್ಟು ಹೊಸ ಶಾಕ್ ಹಾಕಿಸಿದರೆ ದುಡ್ಡು ದಂಡ. ನಾನು ಹಾಗೆ ಮಾಡಿ ಎರಡು ಸಲ ಲೇಬರ್ ಕೊಟ್ಟೆ, ಅದು ಬೇರೆ ಕಥೆ. ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳ ಬೋಲ್ಟ್‌ಗಳನ್ನು ಚಕ್ರ ನೆಲಕ್ಕೆ ಊರಿದ ಮೇಲೇ ಪೂರ್ತಿ ಟೈಟ್ ಮಾಡಿಸಿ. ಇಲ್ಲದಿದ್ದರೆ ಬುಷ್ ತಿರುಚಿ ಬೇಗ ಹರಿಯುತ್ತದೆ.